ಪಶುಕ್ಷೇಮದ ತೂಕ: ಗುಣದೋಷವಿಚಾರದ ಒಂದು ಪರಾಮರ್ಶೆ

ಸಾಕುಪ್ರಾಣಿಯ ಕ್ಷೇಮವನ್ನು ಒಟ್ಟಾಗಿ ಅಳೆಯಬಹುದೆ, ಅಳೆದುದನ್ನು ಒಂದೇ ಮಾತಿನಲ್ಲಿ ಹೇಳಬಹುದೆ ಎಂಬ ಪ್ರಶ್ನೆಯು ಪಶುವೈದ್ಯರಿಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ಆದರೆ ಅಲಂಕಾರಶಾಸ್ತ್ರದ ಪರಿಚಯವುಳ್ಳವರಿಗೆ ಇದು ಹೊಸದಲ್ಲ. ಅಲ್ಪದೋಷದಿಂದಲೂ ಕಾವ್ಯವು ಕೆಡುವುದೆಂಬುದು ದಂಡಿಯ ಪಕ್ಷ. ಗುಣರಾಶಿಯಲ್ಲಿ ಒಂದು ದೋಷವು ಮುಳುಗಿಹೋಗುವುದೆಂಬುದು 'ಕುಮಾರಸಂಭವ'ದ ಆರಂಭದಲ್ಲಿ ಕಾಳಿದಾಸನು ಸೂಚಿಸಿದ ಪಕ್ಷ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನೆಲೆಗಳಲ್ಲಿ ಎಣಿಸಿದ ಕೊಪಣವೇ ಇಂದಿನ ಕೊಪ್ಪಳವಷ್ಟೆ. ಅಲ್ಲಿನ ಹಿಂಡುಗಳನ್ನು ತೂಗಹೊರಟಾಗ ಇದೇ ವಿವಾದವು ಮತ್ತೆ ತಲೆದೋರುತ್ತದೆ.

ಬ್ರಿಟನ್ನಿನಲ್ಲಿ 1965ರ ಬ್ರಾಂಬೆಲ್ ಸಮಿತಿಯ ವರದಿಯಿಂದ ಹೊರಟ ವಿಚಾರವು 1979ರಲ್ಲಿ 'ಐದು ಸ್ವಾತಂತ್ರ್ಯ'ಗಳೆಂಬ ಸೂತ್ರರೂಪವನ್ನು ತಾಳಿತು. ಹಸಿವು ಬಾಯಾರಿಕೆ, ಅನನುಕೂಲ, ನೋವು ರೋಗ, ಭಯ ಇವುಗಳಿಂದ ಬಿಡುಗಡೆ, ಮತ್ತು ಸಹಜವಾಗಿ ವರ್ತಿಸುವ ಅವಕಾಶ. ಸೂತ್ರವು ಸುಂದರವಾದುದೇ; ಆದರೆ ಅದು ಆದರ್ಶವನ್ನು ಹೇಳುವುದೇ ಹೊರತು ಅಳತೆಯನ್ನು ಕೊಡುವುದಿಲ್ಲ. ಆ ಕೊರತೆಯನ್ನು ತುಂಬಲು ಯೂರೋಪಿನಲ್ಲಿ 2004ರಿಂದ 2009ರವರೆಗೆ ನಡೆದ 'ವೆಲ್ಫೇರ್ ಕ್ವಾಲಿಟಿ' ಯೋಜನೆಯು ಆಹಾರ, ವಸತಿ, ಆರೋಗ್ಯ, ವರ್ತನೆಗಳೆಂಬ ನಾಲ್ಕು ತತ್ತ್ವಗಳನ್ನೂ ಅವುಗಳ ಕೆಳಗೆ ಹನ್ನೆರಡು ಲಕ್ಷಣಗಳನ್ನೂ ನಿರೂಪಿಸಿತು. ಪ್ರತಿಯೊಂದು ತತ್ತ್ವಕ್ಕೂ ನೂರರೊಳಗೆ ಅಂಕ. ಕೊನೆಗೆ ಇಡೀ ಕೊಟ್ಟಿಗೆಗೆ ಒಂದೇ ದರ್ಜೆ.

ಪರಾಮರ್ಶೆಗೆ ಒಳಗಾಗಬೇಕಾದುದು ಈ ಕೊನೆಯ ಹೆಜ್ಜೆ. 'ಉತ್ತಮ'ವೆನಿಸಲು ಎಲ್ಲ ತತ್ತ್ವಗಳಲ್ಲಿ 20ನ್ನೂ ಎರಡರಲ್ಲಿ 55ನ್ನೂ ಮೀರಬೇಕು. 'ಸ್ವೀಕಾರ್ಯ'ಕ್ಕೆ ಎಲ್ಲದರಲ್ಲಿ 10, ಮೂರರಲ್ಲಿ 20 ಸಾಕು. ಒಂದು ಹಿಂಡಿಗೆ ನಾಲ್ಕರಲ್ಲೂ 45 ಬಂದಿತೆಂದು ಭಾವಿಸೋಣ. ಇನ್ನೊಂದಕ್ಕೆ ಆಹಾರದಲ್ಲೂ ವಸತಿಯಲ್ಲೂ 62, ಆರೋಗ್ಯದಲ್ಲೂ ವರ್ತನೆಯಲ್ಲೂ 22. ಎರಡನೆಯದು 'ಉತ್ತಮ', ಮೊದಲನೆಯದು ಬರಿಯ 'ಸ್ವೀಕಾರ್ಯ'! ಕುಂಟುವ, ಬೇನೆ ಬಿದ್ದ ದನವು ಒಳ್ಳೆಯ ಸೂರಿನ ಕೆಳಗೆ ತುಂಬಿದ ಗೋದಲೆಯ ಮುಂದೆ ನಿಂತಿದ್ದರೆ ಅದರ ನೋವು ಗುಣರಾಶಿಯಲ್ಲಿ ಮುಳುಗಿಹೋಯಿತೆಂದಾಯಿತು. ಲಕ್ಷಣಗಳನ್ನು ತತ್ತ್ವಗಳಾಗಿ ಕೂಡಿಸುವಲ್ಲಿ ಕಡಮೆಯ ಅಂಕಕ್ಕೆ ಹೆಚ್ಚು ತೂಕವನ್ನು ಕೊಟ್ಟು ದಂಡಿಯ ಕಡೆಗೆ ವಾಲಿದ ಶಾಸ್ತ್ರವು, ದರ್ಜೆ ಕೊಡುವಲ್ಲಿ ಕಾಳಿದಾಸನ ಚಂದ್ರನನ್ನು ಮರೆಹೊಕ್ಕಿತು. ಕವಿಗೆ ಹಿಮವತ್ಪರ್ವತವನ್ನು ಹೊಗಳುವುದಿತ್ತು. ಪಶುವಿಗೆ ಅದರ ಕಾಲಿನ ಹುಣ್ಣು ಅಲಂಕಾರವಲ್ಲ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಈ ಲೋಪವು ಎದ್ದುಕಾಣುವಂತಹುದು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ನೀರುಂಡ ಗಂಗಾವತಿಯ ಬಯಲಿನಲ್ಲಿ ಬತ್ತದ ಹುಲ್ಲಿಗೂ ನೀರಿಗೂ ಬರವಿಲ್ಲ. ದನವೋ ಗೂಟಕ್ಕೆ ಕಟ್ಟಿದ್ದು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಕುರಿಯು ಹಗಲೆಲ್ಲ ನಡೆದು ಮೇಯುವುದು, ಇರುಳು ಕೊಯ್ದ ಹೊಲದಲ್ಲಿ ಬಯಲಿಗೇ ಮಲಗುವುದು, ಬೇಸಗೆಯಲ್ಲಿ ಬಾಯಾರುವುದು. ಒಂದಕ್ಕೆ ನೀರುಂಟು, ನಡಿಗೆಯಿಲ್ಲ. ಇನ್ನೊಂದಕ್ಕೆ ನಡಿಗೆಯುಂಟು, ನೀರಿಲ್ಲ. ದರ್ಜೆಯು ಇವೆರಡನ್ನೂ ಒಂದೇ ಮಾತಿನಲ್ಲಿ ಅಡಗಿಸಬಲ್ಲದು. (ಗಂಗಾವತಿ, ಸಿಂಧನೂರು, ಲಿಂಗಸುಗೂರುಗಳ ಗುಡ್ಡಗಾಡಿನ ಕೆಂಗುರಿಯು ಹೆಸರಿನಲ್ಲಿಯೇ ತನ್ನ ಬಣ್ಣವನ್ನು ಹೇಳುತ್ತದೆ, 'ಕುರಿ'ಯ ಕಕಾರಕ್ಕೆ ಗಕಾರವು ಆದೇಶವಾಗಿ ಬಂದುದನ್ನು ಅಧ್ಯಾಪಕರು ಉದಾಹರಣೆಗೆ ಬಳಸಿಕೊಳ್ಳಬಹುದು.) ಅದೇ ತತ್ತ್ವಗಳನ್ನು ಅನುಸರಿಸಿ 2015ರಲ್ಲಿ ಹೊರಬಂದ ಕುರಿಯ 'ಅವಿನ್' ಕ್ರಮವಾದರೂ ಒಂದು ದಿನದ ದರ್ಶನವನ್ನೇ ಆಶ್ರಯಿಸಿದರೆ, ಕಾರ್ತಿಕದ ಹಿಂಡನ್ನು ಚೈತ್ರದ ಹಿಂಡೆಂದು ಬರೆದಂತಾಗುವುದು.

ಈ ನಾಡು ಪಶುಶಾಸ್ತ್ರಕ್ಕೆ ಹೊರತಾದುದಲ್ಲ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕನು ದೇಗುಲವನ್ನು ಕಟ್ಟಿಸಿದುದು ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ. ಆ ಚಾಳುಕ್ಯ ಮನೆತನದ ಕೀರ್ತಿವರ್ಮನೇ ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದವನು. ಅದರಲ್ಲಿ ಮದ್ದಿನೊಡನೆ ಮಂತ್ರವೂ ಬೆರೆತಿರುವುದರಿಂದ ಇಂದಿನ ಪ್ರಮಾಣಕ್ಕೆ ಅದು ಪೂರ್ತಿಯಾಗಿ ನಿಲ್ಲದು. ಆದರೂ ವೈದ್ಯನ ಕ್ರಮವು ಬೇನೆಬೇನೆಯನ್ನು ಬೇರೆಬೇರೆಯಾಗಿ ಹೆಸರಿಸುವುದು. ಗೊರಸಿನ ಕೊಳೆತಕ್ಕೆ ಮೇವಿನ ಸಮೃದ್ಧಿಯನ್ನು ಅವನು ಪರಿಹಾರವಾಗಿ ಎಣಿಸಲಾರನು.

ಆದುದರಿಂದ ಕೊಪ್ಪಳದ ಹಿಂಡಿನ ಪತ್ರದಲ್ಲಿ ನಾಲ್ಕು ಅಂಕಗಳೂ ಬಿಡಿಬಿಡಿಯಾಗಿ, ಅಳೆದ ತಿಂಗಳೊಡನೆ, ನೀರಿನ ತಾಣವು ಎಷ್ಟು ದೂರವೆಂಬುದರೊಡನೆ ನಿಲ್ಲತಕ್ಕದ್ದು. ದರ್ಜೆಯು ಬೇಕೇಬೇಕೆನ್ನುವವರು ನಾಲ್ಕರಲ್ಲಿ ಅತಿ ಕಡಮೆಯಾದ ಅಂಕವನ್ನೇ ದರ್ಜೆಯೆಂದು ಬರೆಯಲಿ.