ಕೇಪ್‌ಟೌನ್‌ನಲ್ಲಿ ಮುಗಿಯುವ ದಾರಿ

ದಕ್ಷಿಣ ಆಫ್ರಿಕಾಕ್ಕೆ ಹೋಗುವ ನಮ್ಮವರ ಪ್ರವಾಸಪಟ್ಟಿ ಹೆಚ್ಚುಕಡಿಮೆ ಒಂದೇ ತೆರ. ಗಾರ್ಡನ್ ರೂಟ್‌ಗೊಂದು ಬಾಡಿಗೆ ಕಾರು, ಸ್ಟಾರ್ಮ್ಸ್ ರಿವರ್‌ನ ತೂಗುಸೇತುವೆ, ಮೊಸೆಲ್ ಬೇಯಿಂದ ಎನ್2 ಹೆದ್ದಾರಿ ಹಿಡಿದು ಸುಮಾರು 400 ಕಿಲೋಮೀಟರ್ ಪಶ್ಚಿಮಕ್ಕೆ, ಕಡೆಗೆ ಕೇಪ್‌ಟೌನ್. ಅಲ್ಲಿ ಟೇಬಲ್ ಮೌಂಟನ್ ಹತ್ತಿ ಇಳಿದು, ವಿಮಾನಕ್ಕೆ ಮೊದಲು ಒಂದು ಮಧ್ಯಾಹ್ನ ವೈನ್ ಟೇಸ್ಟಿಂಗ್. ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಕ್ಕೇ ಓಡುವುದರಿಂದ ನಮಗೆ ಈ ದಾರಿ ಸಲೀಸು. ಪ್ರವಾಸವನ್ನು ಹೀಗೆ ಮುಗಿಸುವ ಪದ್ಧತಿಯ ಬಗ್ಗೆ ನನಗೆ ಮೆಚ್ಚುಗೆಯಿದೆ, ತಕರಾರೂ ಇದೆ.

ಮೆಚ್ಚುಗೆ ಯಾಕೆಂದರೆ, ದಿನಗಟ್ಟಲೆ ಕಾರಿನ ಕಿಟಕಿಯಿಂದ ನೋಡಿದ ನೆಲ ನಿಜವಾಗಿ ಎಂಥದ್ದೆಂದು ತಿಳಿಯುವುದು ಈ ಕೊನೆಯ ಹಂತದಲ್ಲೇ. ಸರ್ ಲೌರೀಸ್ ಪಾಸ್ ಘಾಟಿಯ ನೆತ್ತಿಗೆ ಬಂದಾಗ ಒಮ್ಮೆಲೇ ಕೆಳಗೆ ಫಾಲ್ಸ್ ಬೇ ಕೊಲ್ಲಿ ತೆರೆದುಕೊಳ್ಳುತ್ತದೆ. ಘಾಟಿ ಇಳಿದು ಬಲಕ್ಕೆ ತಿರುಗಿದರೆ ಸ್ಟೆಲೆನ್‌ಬಾಷ್. ಬೇಸಿಗೆಯಲ್ಲಿ ಕಾರನ್ನೇ ಅಲುಗಿಸುವ ಆಗ್ನೇಯದ ಗಾಳಿ ಅಲ್ಲಿಯ ದ್ರಾಕ್ಷಿತೋಟಗಳನ್ನು ತಂಪಾಗಿಡುತ್ತದೆ, ಬಳ್ಳಿಗೆ ಬೂಷ್ಟು ಹಿಡಿಯದಂತೆ ಕಾಯುತ್ತದೆ. ಊರವರು ಅದನ್ನು ಕೇಪ್ ಡಾಕ್ಟರ್ ಎನ್ನುತ್ತಾರೆ. ಬೆಟ್ಟದ ಇಳಿಜಾರಿನ ಗ್ರಾನೈಟ್ ಕಲ್ಲು ಪುಡಿಯಾಗಿ ಮಣ್ಣಾಗಿದೆ. ಜನವರಿಯಿಂದ ಮಾರ್ಚ್‌ವರೆಗಿನ ಸುಗ್ಗಿಯ ಸುಡುಬಿಸಿಲಿನಲ್ಲಿ ಬೆಳೆದೂ ಇಲ್ಲಿಯ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಹುಳಿ ಉಳಿದಿರುವುದು ಏಕೆಂದು ಮೊದಲ ಗುಟುಕಿಗೇ ಅರ್ಥವಾಗುತ್ತದೆ.

ಪಿನೊಟಾಜ್ ಇಲ್ಲಿಯದೇ ದ್ರಾಕ್ಷಿ ತಳಿ. 1925ರಲ್ಲಿ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ಅಬ್ರಹಾಂ ಪೆರೋಲ್ಡ್ ಪಿನೊ ನುವಾರ್ ಮತ್ತು ಸಿನ್ಸೊ ತಳಿಗಳನ್ನು ಕೂಡಿಸಿ ಪಡೆದದ್ದು. ಕೆಟ್ಟದಾಗಿ ಮಾಡಿದರೆ ಸುಟ್ಟ ರಬ್ಬರಿನ ವಾಸನೆ. ಒಳ್ಳೆಯ ಕೈಗೆ ಸಿಕ್ಕರೆ ಅಷ್ಟು ಗಾಢವಾದ ಹಣ್ಣಿನ ರುಚಿಯ ಕೆಂಪು ವೈನ್ ಅಪರೂಪ. ಇಂಥದ್ದನ್ನು ಚಾಕಲೇಟಿನ ಜೊತೆಗಿಟ್ಟು ಕೊಡುವ ರೂಢಿ ನನಗೆ ಸೇರದು. ಸಿಹಿ ನಾಲಿಗೆಯನ್ನು ಆಕ್ರಮಿಸಿದ ಮೇಲೆ ವೈನಿನ ಒಗರು ಎಲ್ಲಿ ತಿಳಿಯಬೇಕು? ಉಗುಳುವುದಕ್ಕೆಂದೇ ಮೇಜಿನ ಮೇಲೆ ಪಾತ್ರೆಯಿರುತ್ತದೆ, ನಮ್ಮವರು ಸಂಕೋಚದಿಂದ ಅದನ್ನು ಮುಟ್ಟುವುದಿಲ್ಲ. ಕಾರು ಓಡಿಸುವವರ ರಕ್ತದಲ್ಲಿ 100 ಮಿಲಿಲೀಟರಿಗೆ 0.05 ಗ್ರಾಂ ಮದ್ಯಸಾರ ಮುಟ್ಟಿದರೆ ಅಲ್ಲಿ ಅಪರಾಧ. ಸಾಲಾಗಿ ಬರುವ ಗ್ಲಾಸುಗಳನ್ನೆಲ್ಲ ಬರಿದು ಮಾಡಿದವರು ಕೀಲಿಯನ್ನು ಬೇರೆಯವರಿಗೆ ಕೊಡಲೇಬೇಕು.

ತಕರಾರಿನ ವಿಷಯ ಇದಕ್ಕಿಂತ ದೊಡ್ಡದು. ಟೇಸ್ಟಿಂಗ್ ಮೇಜಿನ ಬಳಿ ಮಣ್ಣಿನ ಮಾತು, ಗಾಳಿಯ ಮಾತು, ಓಕ್ ಪೀಪಾಯಿಯ ಮಾತು ಧಾರಾಳವಾಗಿ ಬರುತ್ತದೆ. ಬಳ್ಳಿ ನೆಟ್ಟವರು ಯಾರು ಎಂಬುದು ಮಾತ್ರ ಬರುವುದಿಲ್ಲ. ಕೇಪಿನಲ್ಲಿ ಮೊದಲ ವೈನ್ ಹಿಂಡಿದ್ದು 1659ರ ಫೆಬ್ರವರಿ 2ರಂದು ಎಂಬುದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಹೊತ್ತಿಗಾಗಲೇ ಡಚ್ ಕಂಪನಿ ಅಲ್ಲಿಗೆ ಗುಲಾಮರನ್ನು ತಂದಿಳಿಸುತ್ತಿತ್ತು. ಮುಂದೆ ಮಡಗಾಸ್ಕರ್, ಇಂಡೊನೇಷ್ಯಾಗಳ ಜೊತೆಗೆ ಬಂಗಾಳ, ಮಲಬಾರ್, ಕೋರಮಂಡಲಗಳಿಂದಲೂ ಜನ ಬಂದರು. ದಾಖಲೆಗಳಲ್ಲಿ ಅವರ ಹೆಸರಿಗೆ ಹೊರಟ ಕರಾವಳಿಯ ಹೆಸರೇ ಅಂಟಿಕೊಂಡಿದೆ. ಬಂಗಾಳದ ಆಂಜೆಲಾ ಹಾಗೆ ಬಂದವಳು, 1666ರಲ್ಲಿ ಬಿಡುಗಡೆ ಪಡೆದಳು. 1685ರಲ್ಲಿ ಗವರ್ನರ್ ಸಿಮೊನ್ ಫಾನ್ ಡೆರ್ ಸ್ಟೆಲ್‌ಗೆ ದಕ್ಕಿದ ಕಾನ್ಸ್ಟಾನ್ಷಿಯಾ ತೋಟದ ಮುಖ್ಯ ಭಾಗ ಮುಂದೆ ಅವಳ ಅಳಿಯನ ಪಾಲಾಯಿತು. 1724ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಹೆಂಡತಿ, ಆಂಜೆಲಾಳ ಮಗಳು ಆನಾ ಡಿ ಕೋನಿಂಗ್ ಅದರ ಒಡತಿಯಾದಳು. ಅವಳ ಒಡೆತನದಲ್ಲೂ ಗುಲಾಮರು ಇದ್ದರು. ಇಂಥ ಸಿಕ್ಕುಸಿಕ್ಕಾದ ಚರಿತ್ರೆ ಪಕ್ಕದಲ್ಲಿರುವಾಗ ಗ್ಲಾಸಿನಲ್ಲಿ ಪ್ಲಮ್ ಹಣ್ಣಿನ ಪರಿಮಳವಿದೆಯೋ ಇಲ್ಲವೋ ಎಂದಷ್ಟೇ ಚರ್ಚಿಸುವುದು ಬಡತನ.

ಗುಲಾಮಗಿರಿ 1834ರಲ್ಲಿ ರದ್ದಾಯಿತು. ಆದರೆ ತೋಟದ ಕೂಲಿಯ ಒಂದು ಪಾಲನ್ನು ದಿನವಿಡೀ ಅಗ್ಗದ ವೈನಿನ ರೂಪದಲ್ಲಿ ಕೊಡುವ 'ಡಾಪ್' ಪದ್ಧತಿ ಇಪ್ಪತ್ತನೆಯ ಶತಮಾನದಲ್ಲೂ ಉಳಿದಿತ್ತು, ಕಾನೂನು ನಿಷೇಧಿಸಿದ ಮೇಲೂ ನಡೆಯುತ್ತಿತ್ತು. ಗರ್ಭದಲ್ಲೇ ಮದ್ಯದಿಂದ ಹಾನಿಗೊಳಗಾಗಿ ಹುಟ್ಟುವ ಮಕ್ಕಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು ಕಂಡುಬಂದ ಪ್ರದೇಶಗಳಲ್ಲಿ ವೆಸ್ಟರ್ನ್ ಕೇಪ್ ಪ್ರಾಂತ್ಯವೂ ಒಂದು. ಇದನ್ನು ತಿಳಿದು ಕುಡಿಯುವುದಕ್ಕೂ ತಿಳಿಯದೆ ಕುಡಿಯುವುದಕ್ಕೂ ಅಜಗಜಾಂತರವಿದೆ.

ಹಾಗಾದರೆ ಟೇಸ್ಟಿಂಗ್ ಬಿಡಬೇಕೇ? ಬೇಡ. ನಗರವನ್ನು ಬೆಟ್ಟದ ಮೇಲಿಂದ ನೋಡಿ ಮುಗಿಸದೆ ಬೀದಿಗಿಳಿದು ನೋಡಬೇಕು, ತೋಟ ಆಮೇಲೆ ಬರಬೇಕು. 1679ರಲ್ಲಿ ಕಟ್ಟಿದ ಸ್ಲೇವ್ ಲಾಡ್ಜ್ ಇವತ್ತು ಮ್ಯೂಸಿಯಂ. ಕಂಪನಿಯ ಗುಲಾಮರನ್ನು ಕೂಡಿಹಾಕಿದ್ದು ಅಲ್ಲೇ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ. 1966ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿ 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿದ ಬಡಾವಣೆಯ ನೆನಪು ಅದು. ನೆಲದ ಮೇಲೆ ಹಾಸಿದ ನಕ್ಷೆಯಲ್ಲಿ ಹಳೆಯ ನಿವಾಸಿಗಳು ತಮ್ಮ ಮನೆಗಳಿದ್ದ ಜಾಗದಲ್ಲಿ ತಾವೇ ಹೆಸರು ಬರೆದಿದ್ದಾರೆ. ಆನಾ ಒಡತಿಯಾಗಿದ್ದ ಗ್ರೂಟ್ ಕಾನ್ಸ್ಟಾನ್ಷಿಯಾಕ್ಕೆ ಹೋದರೂ ಮೊದಲು ಹಳೆಯ ಬಂಗಲೆಯ ಮ್ಯೂಸಿಯಂ ಹೊಕ್ಕು, ಆಮೇಲೆ ಟೇಸ್ಟಿಂಗ್ ಕೋಣೆಗೆ ಹೋಗುವುದು ಲೇಸು.

ಯಾರ ವೈನ್ ಎಂಬುದನ್ನೂ ಆರಿಸಿಕೊಳ್ಳಬಹುದು. ಕ್ವಾಜುಲು-ನಟಾಲ್‌ನ ಹಳ್ಳಿಯಿಂದ ಬಂದ ಎನ್ಟ್ಸಿಕಿ ಬಿಯೆಲಾ ಸ್ಟೆಲೆನ್‌ಬಾಷ್‌ನಲ್ಲಿ ಓದಿ, ದಕ್ಷಿಣ ಆಫ್ರಿಕಾದ ಮೊದಲ ಕಪ್ಪು ಮಹಿಳಾ ವೈನ್ ತಯಾರಕಿ ಎನಿಸಿಕೊಂಡವರು. ತಮ್ಮನ್ನು ಸಾಕಿದ ಅಜ್ಜಿಯ ಹೆಸರಿನಲ್ಲಿ 'ಅಸ್ಲಿನಾ' ಎಂಬ ಸ್ವಂತ ವೈನ್ ಹೊರತಂದಿದ್ದಾರೆ. ಕೇಪ್‌ಟೌನ್‌ಗೆ ಹೊರಟವರು ಯಾರಾದರೂ ನನ್ನನ್ನು ಕೇಳಿದರೆ, ಕೊನೆಯ ಮಧ್ಯಾಹ್ನಕ್ಕೆ ನಾನು ಮೊದಲು ಹೇಳುವ ಹೆಸರು ಅದು.