ಜೇಬಿನಲ್ಲಿರೋ ಕಾಗದ

ನಾರ್ಮನ್ ರಾಕ್‌ವೆಲ್ ಬರೆದ ‘ಫ್ರೀಡಂ ಆಫ್ ಸ್ಪೀಚ್’ ಚಿತ್ರವನ್ನು ಹೋದ ಸಲ ಊರಿಗೆ ಹೋದಾಗ ಮೊಬೈಲಿನಲ್ಲಿ ಅಪ್ಪನಿಗೆ ತೋರಿಸಿದೆ. ಅಮೆರಿಕದ ಸಣ್ಣ ಊರೊಂದರ ಸಭೆ. ಟೈ ಕಟ್ಟಿಕೊಂಡವರ ನಡುವೆ ಚೌಕಳಿ ಅಂಗಿ, ಮಾಸಿದ ಜಾಕೆಟ್ಟಿನ ದುಡಿಯೋ ಮನುಷ್ಯನೊಬ್ಬ ಎದ್ದು ಮಾತಾಡ್ತಿದಾನೆ. ಸುತ್ತ ಕೂತವರು ಕತ್ತೆತ್ತಿ ಅವನನ್ನೇ ನೋಡ್ತಿದಾರೆ. ಅಪ್ಪ ಕನ್ನಡಕ ಹಾಕ್ಕೊಂಡು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಜೇಬಲ್ಲಿ ಏನೋ ಕಾಗದ ಇಟ್ಕೊಂಡಿದಾನಲ್ಲ, ಏನದು?’

ನಾನು ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ. ಕಾಗದ ಕಣ್ಣಿಗೆ ಬಿದ್ದೇ ಇರಲಿಲ್ಲ.

ರೂಸ್‌ವೆಲ್ಟ್ 1941ರ ಭಾಷಣದಲ್ಲಿ ಹೇಳಿದ ನಾಲ್ಕು ಸ್ವಾತಂತ್ರ್ಯಗಳನ್ನು ರಾಕ್‌ವೆಲ್ ನಾಲ್ಕು ಚಿತ್ರಗಳಾಗಿ ಮಾಡಿದ. ಅದರಲ್ಲಿ ಇದೂ ಒಂದು, 1943ರ ಫೆಬ್ರವರಿಯಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಬಂತು. ಆಗ ಅವನಿದ್ದದ್ದು ವರ್ಮಾಂಟ್ ರಾಜ್ಯದ ಆರ್ಲಿಂಗ್ಟನ್ನಿನಲ್ಲಿ. ಅಲ್ಲಿನ ಊರಸಭೆಯಲ್ಲಿ ನೆರೆಯವನೊಬ್ಬ ಎದ್ದು ಯಾರೂ ಒಪ್ಪದ ಮಾತು ಆಡಿದ, ಜನ ಮಾತ್ರ ಪೂರ್ತಿ ಕೇಳಿಸಿಕೊಂಡರು. ಚಿತ್ರ ಹುಟ್ಟಿದ್ದು ಅಲ್ಲಿಂದ.

ರಾಕ್‌ವೆಲ್ ಜಾಣ. ನೋಡೋ ನಮ್ಮನ್ನೂ ಮುಂದಿನ ಬೆಂಚಿನಲ್ಲಿ ಕೂರಿಸಿ ಕತ್ತೆತ್ತೋ ಹಾಗೆ ಮಾಡ್ತಾನೆ. ಹಿಂದೆ ಕಪ್ಪು ಹಲಗೆ, ಮುಂದೆ ಬೆಳಕು ಬಿದ್ದ ಮುಖ. ನನ್ನ ತಕರಾರು ಇರೋದೂ ಅಲ್ಲೇ. ಆ ಮುಖ ಎಷ್ಟು ಹೊಳೆಯುತ್ತೆ ಅಂದರೆ, ಬಾಯಿ ಬರೋದು ಎದೆಗಾರಿಕೆಯಿಂದ ಅಂತ ನಂಬಿಬಿಡ್ತೀವಿ. ಅವನ ಕಣ್ಣು ಚೌಕಟ್ಟಿನ ಆಚೆ, ಮೇಲೆ ಎಲ್ಲೋ ನೋಡ್ತಿದೆ. ಉತ್ತರ ಹೇಳಬೇಕಾದ ಅಧ್ಯಕ್ಷನೋ ಇನ್ಯಾರೋ ಇರೋದು ಅಲ್ಲಿ. ಚಿತ್ರಕಾರ ಅವರನ್ನು ಬರೆಯೋ ಗೋಜಿಗೇ ಹೋಗಿಲ್ಲ. ಹೆಂಗಸರಂತೂ ಹುಡುಕಬೇಕು.

ಆದರೆ ಕೆಳಗೆ, ಕೂತವರ ಕೈಯಲ್ಲಿ ಒಂದು ನೀಲಿ ಪುಸ್ತಿಕೆ ಇದೆ. ಅದು ಊರಿನ ವಾರ್ಷಿಕ ವರದಿ. ಎಷ್ಟು ತೆರಿಗೆ ಬಂತು, ಎಷ್ಟು ಖರ್ಚಾಯ್ತು ಅನ್ನೋದೆಲ್ಲ ಅದರಲ್ಲಿರುತ್ತೆ. ಎದ್ದು ನಿಂತವನ ಜೇಬಲ್ಲಿ ಮಡಚಿಟ್ಟಿರೋ ಕಾಗದವೂ ಅಂಥದ್ದೇ ಏನೋ ಇರಬೇಕು. ವರ್ಮಾಂಟಿನಲ್ಲಿ ಇವತ್ತಿಗೂ ಸಭೆಗೆ ಕನಿಷ್ಠ 30 ದಿನ ಮೊದಲು ವಿಷಯಪಟ್ಟಿಯನ್ನು ಊರಲ್ಲಿ ಅಂಟಿಸಬೇಕು, ಕಾನೂನೇ ಇದೆ. ನಮ್ಮ ಆಫೀಸಲ್ಲೂ ಅಷ್ಟೇ, ಡಾಕ್ಯುಮೆಂಟ್ ಮೊದಲೇ ಕೈಗೆ ಸಿಕ್ಕಿದವನೇ ಮೀಟಿಂಗಲ್ಲಿ ಬಾಯಿ ಬಿಡೋದು. ಉಳಿದವರು ತಲೆ ಆಡಿಸ್ತಾರೆ, ನಾನೂ ಆಡಿಸಿದೀನಿ.

ಅಪ್ಪನ ಕಣ್ಣು ಕಾಗದಕ್ಕೇ ಹೋಗೋಕೆ ಕಾರಣ ಇದೆ. ನಮ್ಮೂರು ಗ್ರಾಮ ಪಂಚಾಯ್ತಿ ಆಗಿದ್ದಾಗ ಆರು ತಿಂಗಳಿಗೊಮ್ಮೆ ಗ್ರಾಮಸಭೆ, ವರ್ಷಕ್ಕೊಂದು ಜಮಾಬಂದಿ. ಕಾಟಾಚಾರಕ್ಕೆ ನಡೆದದ್ದೇ ಹೆಚ್ಚು, ಸುಳ್ಳು ಹೇಳಲ್ಲ. ಆದರೂ ಅಪ್ಪ ಒಮ್ಮೆ ಕಾಮಗಾರಿ ಪಟ್ಟಿ ಹಿಡ್ಕೊಂಡು ‘ಈ ಚರಂಡಿ ಎಲ್ಲಿದೆ ತೋರ್ಸಿ’ ಅಂದಿದ್ದರು. ಇಡೀ ಸಭೆ ಎದ್ದು ಚರಂಡಿ ನೋಡೋಕೆ ಹೋಗಿತ್ತು. ಅರ್ಧ ಚರಂಡಿ ಸಿಕ್ಕಿತು.

ಆಮೇಲೆ ಊರು ಬೆಳೆದು ಪಟ್ಟಣ ಪಂಚಾಯ್ತಿ ಆಯ್ತು. ಪಟಾಕಿ ಹೊಡೆದೆವು. ಗ್ರಾಮಸಭೆ ಹೋಯ್ತು ಅಂತ ಯಾರಿಗೂ ಹೊಳೆಯಲಿಲ್ಲ. ಹಳ್ಳಿಯ ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗ ಇದೆ. ಅದೇ ಸಂವಿಧಾನ ವಾರ್ಡ್ ಸಮಿತಿ ಆಗಲೇಬೇಕು ಅನ್ನೋದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ನಗರಗಳಿಗೆ ಮಾತ್ರ. ನಮ್ಮಂಥ ಊರು ಅತ್ತ ಹಳ್ಳಿಯೂ ಅಲ್ಲ, ಇತ್ತ ನಗರವೂ ಅಲ್ಲ. ಈಗ ಸಭೆಯಲ್ಲಿ ಮಾತಾಡೋರು ಸದಸ್ಯರು. ಮಿಕ್ಕವರು ಬೇಕಾದರೆ ಹಿಂದೆ ಕೂತು ಕೇಳಬಹುದು.

ಧೈರ್ಯಕ್ಕೇನೂ ಕೊರತೆ ಇಲ್ಲ. ಟೀ ಅಂಗಡಿ ಮುಂದೆ ಬಂದು ನೋಡಿ, ರಾಕ್‌ವೆಲ್‌ಗೆ ಹತ್ತು ಚಿತ್ರಕ್ಕಾಗೋಷ್ಟು ಮುಖಗಳಿವೆ.

ಈ ಸಲದ ಬಜೆಟ್ಟಿನ ಪ್ರತಿ ಬೇಕು ಅಂತ ಅಪ್ಪನ ಜೊತೆ ಕಚೇರಿಗೆ ಹೋಗಿದ್ದೆ. ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ ಅಂದರು. 10 ರೂಪಾಯಿ ಕಟ್ಟಿ, 30 ದಿನ ಕಾಯಬೇಕು. ಬಜೆಟ್ ಸಭೆ ಆ ವಾರದಲ್ಲೇ ಇತ್ತು. ಅಪ್ಪ ಹೋಗಿ ಹಿಂದಿನ ಸಾಲಲ್ಲಿ ಕೂತು ಬಂದರು, ಖಾಲಿ ಜೇಬಲ್ಲಿ.