ಹಂಪಿಯ ಬಯಲು ಕಾಯುವ ನಕಾಶೆ

ಹಂಪಿಯಲ್ಲಿ ಗುಡಿಗಳಷ್ಟೇ ತೂಕದ್ದು ಗುಡಿಗಳ ನಡುವಿನ ಬಯಲು: ಬಂಡೆಗುಡ್ಡ, ಬಾಳೆತೋಟ, ಕಮಲಾಪುರದ ಕೆರೆ, ವಿಜಯನಗರದ ಕಾಲದಿಂದಲೂ ಗದ್ದೆಗೆ ನೀರುಣಿಸುತ್ತಿರುವ ತುರ್ತು ಕಾಲುವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ತಾಣ ಸೇತುವೆ ಕಾಮಗಾರಿಯಿಂದಾಗಿ 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು, 2006ರಲ್ಲಿ ಹೊರಬಂತು. ಈ ನಡುವೆ ಹುಟ್ಟಿದ್ದೇ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ಅದರ ವ್ಯಾಪ್ತಿಗೆ 29 ಹಳ್ಳಿಗಳು.

ಇಲ್ಲಿ ಯೋಜಕರ ಕಸುಬು ಸರ್ವೆ ನಂಬರಿನಷ್ಟು ಸಣ್ಣದರಲ್ಲಿದೆ. ಯಾವ ಹೊಲ ಹೊಲವಾಗಿಯೇ ಉಳಿಯಬೇಕು, ಯಾವ ಮನೆಗೆ ಇನ್ನೊಂದು ಮಹಡಿ ಏರಿದರೆ ಗೋಪುರ ಮರೆಯಾಗುತ್ತದೆ ಎಂದು ನೋಡುವುದು ಕಷ್ಟದ ಕೆಲಸ. ಊರವರ ಮುನಿಸೂ ಅದರ ಪಾಲಿನದೇ, ಅದೇನು ಅನ್ಯಾಯದ ಮುನಿಸಲ್ಲ. ಕೆಲಸ ಚೆನ್ನಾಗಿ ನಡೆದಿದ್ದರೆ ಮಾತಂಗ ಬೆಟ್ಟದ ಮೇಲಿಂದ ಕಾಣುವುದು ಬಂಡೆ, ಬಾಳೆ, ಹೊಳೆ ಅಷ್ಟೇ.